ಹೋಗಲು 7 ಗಂಟೆ, ಬರಲು 8 ಗಂಟೆ

ನ್ಯೂಯಾರ್ಕ್‌ನಿಂದ ಲಂಡನ್‌ಗೆ ವಿಮಾನದಲ್ಲಿ ಸುಮಾರು 7 ಗಂಟೆ ಹಿಡಿಯುತ್ತದೆ. ವಾಪಸ್ ಬರಲು ಸುಮಾರು 8 ಗಂಟೆ. ದೂರ ಮಾತ್ರ ಎರಡೂ ಕಡೆಗೆ ಒಂದೇ, ಹತ್ತಿರ ಹತ್ತಿರ 5,550 ಕಿಲೋಮೀಟರ್. ಹಾಗಾದರೆ ಆ ಒಂದು ಗಂಟೆ ಎಲ್ಲಿಂದ ಬಂತು?

ಭೂಮಿ ತಿರುಗುತ್ತದಲ್ಲ, ಅದಕ್ಕೇ ಎನ್ನುತ್ತಾರೆ ಹಲವರು. ಆದರೆ ಭೂಮಿ ತಿರುಗುವುದು ಪೂರ್ವಕ್ಕೆ. ವಿಮಾನದ ಕೆಳಗೆ ಅದು ಸುಮ್ನೆ ಸರಿದುಹೋಗುವಂತಿದ್ದರೆ ಪಶ್ಚಿಮಕ್ಕೆ ಹೊರಟವರೇ ಬೇಗ ತಲುಪಬೇಕಿತ್ತು. ಹಾಗಾಗುವುದಿಲ್ಲ. ನೆಲದ ಜೊತೆ ಗಾಳಿಯೂ ತಿರುಗುತ್ತದೆ, ಅದರೊಳಗಿನ ವಿಮಾನವೂ ತಿರುಗುತ್ತದೆ.

ನಿಜವಾದ ಕಾರಣ ಮೇಲಿನ ಗಾಳಿ. ನೆಲದಿಂದ 9ರಿಂದ 12 ಕಿ.ಮೀ. ಎತ್ತರದಲ್ಲಿ, ದೊಡ್ಡ ವಿಮಾನಗಳು ಹಾರುವ ಮಟ್ಟದಲ್ಲೇ, ಪಶ್ಚಿಮದಿಂದ ಪೂರ್ವಕ್ಕೆ ಗಾಳಿ ಹೊಳೆಯಂತೆ ಹರಿಯುತ್ತದೆ. ಇದೇ ಜೆಟ್ ಸ್ಟ್ರೀಮ್. ಸಮಭಾಜಕದ ಕಡೆ ಬಿಸಿ, ಧ್ರುವದ ಕಡೆ ತಂಪು. ಈ ವ್ಯತ್ಯಾಸದಿಂದ ಗಾಳಿ ಧ್ರುವದತ್ತ ಸರಿಯುತ್ತದೆ, ಭೂಮಿಯ ತಿರುಗುವಿಕೆ ಅದನ್ನು ಪೂರ್ವಕ್ಕೆ ಬಾಗಿಸುತ್ತದೆ. ಚಳಿಗಾಲದಲ್ಲಿ ವ್ಯತ್ಯಾಸ ಜಾಸ್ತಿ, ಸೆಳೆತವೂ ಜಾಸ್ತಿ. ಕೆಲವೊಮ್ಮೆ ವೇಗ ಗಂಟೆಗೆ 300 ಕಿ.ಮೀ. ದಾಟುತ್ತದೆ. ಜಪಾನಿನ ಹವಾಮಾನ ವಿಜ್ಞಾನಿ ವಸಾಬುರೊ ಓಯಿಶಿ 1920ರ ದಶಕದಲ್ಲೇ ಬಲೂನ್ ಹಾರಿಬಿಟ್ಟು ಈ ಗಾಳಿಯನ್ನು ಅಳೆದಿದ್ದರು. ಹೊರದೇಶದವರೂ ಓದಲಿ ಎಂದು ಅದನ್ನು ಎಸ್ಪೆರಾಂಟೊದಲ್ಲಿ, ಅಂದರೆ ಎಲ್ಲ ದೇಶದವರಿಗೂ ಎಂದು ಹೊಸದಾಗಿ ಕಟ್ಟಿದ ಭಾಷೆಯಲ್ಲಿ, ಬರೆದರು. ಓದಿದವರು ತೀರಾ ಕಡಿಮೆ. ಅಷ್ಟು ಒಳ್ಳೆಯ ಕೆಲಸ ಮೂಲೆಗೆ ಬಿತ್ತಲ್ಲ ಎಂದು ನನಗೆ ಈಗಲೂ ಬೇಸರವಾಗುತ್ತದೆ.

2020ರ ಫೆಬ್ರವರಿಯಲ್ಲಿ ಬ್ರಿಟಿಷ್ ಏರ್‌ವೇಸ್‌ನ ಬೋಯಿಂಗ್ 747 ಒಂದು ಇದೇ ಹೊಳೆಯ ಮೇಲೆ ಸಾಗಿ, 5 ಗಂಟೆಯೊಳಗೇ ನ್ಯೂಯಾರ್ಕ್‌ನಿಂದ ಲಂಡನ್ ತಲುಪಿತು. ನೆಲದ ಲೆಕ್ಕದಲ್ಲಿ ಅದರ ವೇಗ ಗಂಟೆಗೆ 1,300 ಕಿ.ಮೀ. ಮೀರಿತ್ತು. ಅಂದರೆ ಶಬ್ದದ ವೇಗವನ್ನೂ ಮೀರಿತು, ಅಲ್ವಾ? ಇಲ್ಲ. ಹರಿವಿನ ಜೊತೆ ಸಾಗುವ ದೋಣಿಯನ್ನು ನೋಡಿ. ದಡದಲ್ಲಿ ನಿಂತವರಿಗೆ ಅದು ಓಡುತ್ತದೆ. ನೀರಿನ ಲೆಕ್ಕದಲ್ಲಿ ಹುಟ್ಟು ಹಾಕಿದಷ್ಟೇ ವೇಗ. ಆ ವಿಮಾನವೂ ಸುತ್ತಲಿನ ಗಾಳಿಯ ಲೆಕ್ಕದಲ್ಲಿ ಎಂದಿನ ವೇಗದಲ್ಲೇ ಇತ್ತು.

ಹೋಗುವಾಗ ಉಳಿದದ್ದು ಬರುವಾಗ ಕಳೆದದ್ದಕ್ಕೆ ಸಮ ಎನಿಸಬಹುದು. ಒಂದು ಲೆಕ್ಕ ಮಾಡಿ. ದೂರ 4,000 ಕಿ.ಮೀ., ವಿಮಾನದ ವೇಗ ಗಂಟೆಗೆ 900, ಗಾಳಿಯದು 100. ಹೋಗುವಾಗ 1,000ದ ವೇಗ, 4 ಗಂಟೆ. ಬರುವಾಗ 800, ಅಂದರೆ 5 ಗಂಟೆ. ಒಟ್ಟು 9. ಗಾಳಿಯೇ ಇಲ್ಲದಿದ್ದರೆ 8 ಗಂಟೆ 53 ನಿಮಿಷ ಸಾಕಿತ್ತು. ಎದುರುಗಾಳಿಯಲ್ಲಿ ಕಳೆಯುವ ಹೊತ್ತೇ ಜಾಸ್ತಿ, ಹಾಗಾಗಿ ನಷ್ಟವೂ ಜಾಸ್ತಿ.

ಗ್ಲೋಬಿನ ಮೇಲೆ ಎರಡು ಊರುಗಳ ನಡುವೆ ದಾರವೊಂದನ್ನು ಬಿಗಿಯಾಗಿ ಎಳೆದರೆ ಅದೇ ಅತಿ ಹತ್ತಿರದ ದಾರಿ. ಮ್ಯಾಡ್ರಿಡ್ ಮತ್ತು ನ್ಯೂಯಾರ್ಕ್ ಹೆಚ್ಚುಕಡಿಮೆ ಒಂದೇ ಅಕ್ಷಾಂಶದಲ್ಲಿವೆ. ಆದರೂ ದಾರ ಉತ್ತರಕ್ಕೆ ಬಾಗುತ್ತದೆ, ನೇರ ಪಶ್ಚಿಮಕ್ಕೆ ಹೋಗುವುದಕ್ಕಿಂತ 150 ಕಿ.ಮೀ.ಗೂ ಜಾಸ್ತಿ ಉಳಿಯುತ್ತದೆ. ಆದರೆ ಪೈಲಟ್‌ಗಳು ಯಾವಾಗಲೂ ಆ ದಾರವನ್ನೇ ಹಿಡಿದು ಹೋಗುವುದಿಲ್ಲ. ಅಟ್ಲಾಂಟಿಕ್ ಮೇಲಿನ ದಾರಿಗಳನ್ನು ಗಾಳಿಯ ಮುನ್ಸೂಚನೆ ನೋಡಿ ದಿನವೂ ಹೊಸದಾಗಿ ಗುರುತಿಸುತ್ತಾರೆ. ಎದುರುಗಾಳಿ ಜೋರಾಗಿದ್ದ ದಿನ ಪಶ್ಚಿಮಕ್ಕೆ ಹೊರಟ ವಿಮಾನ ಸುತ್ತು ಹಾಕುತ್ತದೆ. ಕಿಲೋಮೀಟರ್ ಜಾಸ್ತಿಯಾದರೂ ಬೇಗ ತಲುಪುತ್ತದೆ.