ಪರಾಗದೊಳಗೆ ಕಿಣ್ವ ತಡೆಯುವ ವಸ್ತು ಯಾವುದು, ಪತ್ತೆ ಹೇಗೆ?

ಓದುಗರ ಪ್ರಶ್ನೆ: ಜೇನುನೊಣ ತರುವ ಪರಾಗದ ಸಾರ, ಚರ್ಮದ ಬಣ್ಣ ತಯಾರಾಗಲು ಬೇಕಾದ ಟೈರೋಸಿನೇಸ್ ಕಿಣ್ವವನ್ನು ತಡೆಯುತ್ತದೆ ಅಂತ ಓದಿದೆ. ಸಾರದಲ್ಲಿ ಅಷ್ಟೊಂದು ವಸ್ತುಗಳಿರುವಾಗ, ಕೆಲಸ ಮಾಡಿದ್ದು ಇದೇ ಅಂತ ಹೇಗೆ ಗೊತ್ತಾಗುತ್ತದೆ?

ಪ್ರತಿ ಹೆಜ್ಜೆಯಲ್ಲೂ ಕಿಣ್ವವನ್ನೇ ಕೇಳುತ್ತಾರೆ. ಸಾರವನ್ನು ಭಾಗ ಮಾಡುತ್ತಾರೆ, ಒಂದೊಂದನ್ನೂ ಪರೀಕ್ಷಿಸುತ್ತಾರೆ, ಕಿಣ್ವವನ್ನು ಚೆನ್ನಾಗಿ ತಡೆದ ಭಾಗವನ್ನು ಮತ್ತೆ ಒಡೆಯುತ್ತಾರೆ.

ಮೊದಲು ಪರಾಗದ ಉಂಡೆಗಳನ್ನು ಬಣ್ಣ ನೋಡಿ ಆರಿಸಬೇಕು. ಒಂದೇ ಗೂಡಿನ ಪರಾಗ ಹಲವು ಗಿಡಗಳದ್ದಾಗಿರಬಹುದು. ಬಣ್ಣ ಒಂದೇ ಆದರೂ ಗಿಡ ಬೇರೆ ಇರಬಹುದು, ಹಾಗಾಗಿ ಸೂಕ್ಷ್ಮದರ್ಶಕದಲ್ಲೂ ನೋಡಬೇಕು. ಆಮೇಲೆ ಪುಡಿ ಮಾಡಿ ಎಥನಾಲ್ ಅಥವಾ ಮೆಥನಾಲ್‌ನಲ್ಲಿ ನೆನೆಸುತ್ತಾರೆ. ದ್ರಾವಕ ಆವಿಯಾದ ಮೇಲೆ ಉಳಿದ ಸಾರವನ್ನು ನೀರಿನಲ್ಲಿ ಕಲಸಿ, ಹೆಕ್ಸೇನ್, ಈಥೈಲ್ ಅಸಿಟೇಟ್, ಬ್ಯೂಟನಾಲ್ ಎಂಬ ದ್ರಾವಕಗಳನ್ನು ಒಂದಾದ ಮೇಲೊಂದು ಹಾಕಿ ಕುಲುಕುತ್ತಾರೆ. ಕೊಬ್ಬು ಹೆಕ್ಸೇನ್‌ಗೆ ಹೋಗುತ್ತದೆ. ಫೀನಾಲಿಕ್‌ಗಳು ಎಂಬ ಸಸ್ಯ ರಾಸಾಯನಿಕಗಳು ಹೆಚ್ಚಾಗಿ ಈಥೈಲ್ ಅಸಿಟೇಟ್‌ಗೆ, ಅವುಗಳದ್ದೇ ಒಂದು ಗುಂಪಾದ ಫ್ಲೇವನಾಯ್ಡ್‌ಗಳಲ್ಲಿ ಸಕ್ಕರೆ ಅಂಟಿದವು ಬ್ಯೂಟನಾಲ್‌ಗೆ ಇಳಿಯುತ್ತವೆ. ಬರೀ ಸಕ್ಕರೆ ನೀರಿನಲ್ಲೇ ಉಳಿಯುತ್ತದೆ.

ಪರೀಕ್ಷೆ ಸರಳ. ಟೈರೋಸಿನೇಸ್ ಎಲ್-ಡೋಪಾ ಎಂಬ ಬಣ್ಣವಿಲ್ಲದ ವಸ್ತುವನ್ನು ಕಿತ್ತಳೆ ಬಣ್ಣದ ಡೋಪಾಕ್ರೋಮ್ ಮಾಡುತ್ತದೆ. 475 ನ್ಯಾನೋಮೀಟರ್ ಬೆಳಕಿನಲ್ಲಿ ಆ ಬಣ್ಣ ಅಳೆಯುತ್ತಾರೆ. ಬಣ್ಣ ನಿಧಾನವಾಗಿ ಏರಿದರೆ ತಡೆ ಇದೆ. ಹೋಲಿಕೆಗೆ, ಈ ಕಿಣ್ವವನ್ನು ತಡೆಯುತ್ತದೆ ಅಂತ ಮೊದಲೇ ಗೊತ್ತಿರುವ ಕೋಜಿಕ್ ಆಮ್ಲ ಇಡುತ್ತಾರೆ.

ನಾನು ಜಾಸ್ತಿ ಹುಷಾರಾಗಿ ನೋಡುವುದು ಇಲ್ಲೇ. ಪರಾಗದ ಸಾರಕ್ಕೆ ತನ್ನದೇ ಹಳದಿ ಬಣ್ಣ ಇರುತ್ತದೆ, ಅಲ್ವಾ? ಕಿಣ್ವ ಹಾಕದ ಲೋಟವೊಂದನ್ನು ಜೊತೆಗೆ ಅಳೆದು ಕಳೆಯದಿದ್ದರೆ ಲೆಕ್ಕ ತಪ್ಪುತ್ತದೆ. ಕೆಲವು ಫೀನಾಲಿಕ್‌ಗಳನ್ನು ಟೈರೋಸಿನೇಸ್ ತಾನೇ ಕೆಲಸಕ್ಕೆ ಎತ್ತಿಕೊಳ್ಳುತ್ತದೆ. ಆಗ ಡೋಪಾ ಕಾಯುತ್ತದೆ, ನಮಗೆ ತಡೆಯಂತೆ ಕಾಣುತ್ತದೆ. ಇನ್ನು ಕೆಲವು ಕಿಣ್ವದ ನಡುವಿನ ತಾಮ್ರವನ್ನು ಹಿಡಿದುಕೊಳ್ಳುತ್ತವೆ. ಅದು ನಿಜವಾದ ತಡೆಯೇ. ಆದರೆ ತಾಮ್ರ ಸೇರಿಸಿ ನೋಡದೆ ಹಾಗಂತ ಹೇಳಬಾರದು.

ಗೆದ್ದ ಭಾಗ ವಸ್ತುಗಳನ್ನು ಬೇರ್ಪಡಿಸುವ ಕೊಳವೆಗಳನ್ನು (ಕಾಲಂ) ದಾಟುತ್ತದೆ: ಮೊದಲು ಸಿಲಿಕಾ ತುಂಬಿದ್ದು, ಆಮೇಲೆ ಸೆಫಡೆಕ್ಸ್ ಎಲ್‌ಎಚ್-20 ಎಂಬ ಜೆಲ್ ತುಂಬಿದ್ದು, ಕೊನೆಗೆ ಹೆಚ್ಚು ಒತ್ತಡದಲ್ಲಿ ನಡೆಯುವ ಎಚ್‌ಪಿಎಲ್‌ಸಿ. ಶುದ್ಧವಾದದ್ದರ ರಚನೆಯನ್ನು ಅಣುವಿನ ತೂಕ ಅಳೆಯುವ ಮಾಸ್ ಸ್ಪೆಕ್ಟ್ರೋಮೆಟ್ರಿ, ಪರಮಾಣುಗಳ ಜೋಡಣೆ ತೋರಿಸುವ ಎನ್‌ಎಂಆರ್ ಹೇಳುತ್ತವೆ. ಪರಾಗದಲ್ಲಿ ಹೀಗೆ ಸಿಗುವವುಗಳಲ್ಲಿ ಸ್ಪರ್ಮಿಡಿನ್ ಎಂಬ ಸಾರಜನಕ ಇರುವ ಅಣುವಿಗೆ ಕೂಮರಿಕ್ ಆಮ್ಲ ಎಂಬ ಫೀನಾಲಿಕ್‌ನ ಮೂರು ತುಣುಕು ಅಂಟಿದ ವಸ್ತುಗಳೂ ಇವೆ. ಬೆಳಕು ಬಿದ್ದರೆ ಇವುಗಳ ಆಕಾರ ತಿರುಗಿ ಒಂದು ವಸ್ತು ಹಲವಾಗಿ ಕಾಣುತ್ತದೆ. ಅದಕ್ಕೇ ಕಂದು ಶೀಶೆ ಬೇಕು.

ಬೇರ್ಪಡಿಸುತ್ತಾ ಹೋದಂತೆ ತಡೆ ಕುಗ್ಗಿದರೆ, ಭಾಗಗಳನ್ನು ಮತ್ತೆ ಬೆರೆಸಿ ನೋಡುತ್ತಾರೆ. ತಡೆ ಮರಳಿದರೆ ಕೆಲಸ ಒಬ್ಬರದ್ದಲ್ಲ. ಮರಳದಿದ್ದರೆ ವಸ್ತು ದಾರಿಯಲ್ಲೇ ಕೆಟ್ಟಿದೆ, ಇಲ್ಲವೇ ಕಾಲಂನಲ್ಲಿ ಸಿಕ್ಕಿಕೊಂಡಿದೆ.

ಇನ್ನೊಂದು ಮಾತು. ಈ ಪರೀಕ್ಷೆಗಳಲ್ಲಿ ಸಾಮಾನ್ಯವಾಗಿ ಬಳಸುವುದು ಅಣಬೆಯ ಟೈರೋಸಿನೇಸ್. ಮನುಷ್ಯರ ಕಿಣ್ವ ಅದರಂತೆಯೇ ಬಗ್ಗುವುದಿಲ್ಲ. ಚರ್ಮಕ್ಕೆ ಉಪಯೋಗ ಅನ್ನುವ ಮೊದಲು ಮನುಷ್ಯರ ಕಿಣ್ವದ ಮೇಲೂ, ಬಣ್ಣ ತಯಾರಿಸುವ ಜೀವಕೋಶಗಳ ಮೇಲೂ ಪರೀಕ್ಷೆ ಆಗಿದೆಯಾ ನೋಡಿ.