ಲಿಫ್ಟ್ ಹಾಕಿಸಿದ ಮೇಲೆ ಥಾರ್ ಮುಂದೆ ‘ಟಕ್’ ಅನ್ನುವುದೇಕೆ?

ಪ್ರಶ್ನೆ: ನನ್ನದು 2021ರ ಥಾರ್. ಮೂರು ತಿಂಗಳ ಹಿಂದೆ ಗಾಡಿಯನ್ನು ಎರಡು ಇಂಚು ಎತ್ತರಿಸುವ ಲಿಫ್ಟ್ ಕಿಟ್ ಹಾಕಿಸಿದೆ. ಆಮೇಲಿಂದ ಹಂಪ್ ದಾಟಿ ಇಳಿಯುವಾಗ ಮುಂದೆ ‘ಟಕ್’ ಅಂತ ಶಬ್ದ ಬರುತ್ತೆ. ತೋಟದ ರಸ್ತೆಯಲ್ಲಿ ಇನ್ನೂ ಜಾಸ್ತಿ. ಕಿಟ್ ಹಾಕಿದವರು ‘ಲಿಫ್ಟ್ ಮಾಡಿದ ಗಾಡಿ ಸಾರ್, ಅಷ್ಟು ಶಬ್ದ ಮಾಮೂಲು’ ಅಂತಾರೆ. ಇನ್ನೊಬ್ಬರು ಎರಡೂ ಶಾಕ್ ಅಬ್ಸಾರ್ಬರ್ ಬದಲಿಸಿ ಅಂತಾರೆ. ಯಾರನ್ನು ನಂಬಲಿ?

ಸದ್ಯಕ್ಕೆ ಇಬ್ಬರನ್ನೂ ನಂಬಬೇಡಿ. ನಿಮ್ಮ ಪ್ರಶ್ನೆಯಲ್ಲೇ ಅರ್ಧ ಉತ್ತರ ಇದೆ. ‘ಇಳಿಯುವಾಗ’ ಅಂದಿದ್ದೀರಿ. ಆ ಒಂದು ಮಾತು ಶಬ್ದಕ್ಕಿಂತ ಮುಖ್ಯ. ಟಕ್, ಟಣ್, ಕಟಕಟ ಎಂದು ಒಬ್ಬೊಬ್ಬರು ಒಂದೊಂದು ರೀತಿ ಹೇಳುತ್ತಾರೆ. ಚಾಸಿಸ್ಸಿನ ಕಬ್ಬಿಣದಲ್ಲಿ ಶಬ್ದ ಹರಿದು ಬರುವಾಗ ಎಡಗಡೆಯದು ಬಲಗಡೆ ಕೇಳುವುದೂ ಉಂಟು. ಆದರೆ ಚಕ್ರ ಮೇಲೆ ಹೋಗುವಾಗ ಬಂತಾ, ಕೆಳಗೆ ಬೀಳುವಾಗ ಬಂತಾ, ಸ್ಟೇರಿಂಗ್ ತಿರುಗಿಸುವಾಗ ಬಂತಾ, ಬ್ರೇಕ್ ಒತ್ತಿದಾಗ ಬಂತಾ ಎನ್ನುವುದು ಸುಳ್ಳು ಹೇಳುವುದಿಲ್ಲ.

ಮೊದಲು ನಿಮ್ಮ ಗಾಡಿಯ ಮುಂಭಾಗ ಹೇಗಿದೆ ನೋಡೋಣ. 2020ರಲ್ಲಿ ಬಂದ ಥಾರ್‌ನಲ್ಲಿ ಮುಂದೆ ಡಬಲ್ ವಿಶ್‌ಬೋನ್ ಇದೆ. ಪ್ರತಿ ಚಕ್ರಕ್ಕೆ ಮೇಲೊಂದು, ಕೆಳಗೊಂದು ಆರ್ಮ್. ಶಾಕ್ ಮತ್ತು ಅದನ್ನು ಸುತ್ತಿದ ಕಾಯಿಲ್ ಸ್ಪ್ರಿಂಗ್ ಕೆಳಗಿನ ಆರ್ಮ್ ಮೇಲೆ ಕೂತಿವೆ. ಅದು ಕೂತಿರುವುದು ಆರ್ಮ್‌ನ ನಡುಭಾಗದಲ್ಲಿ, ಚಕ್ರ ಇರುವುದು ತುದಿಯಲ್ಲಿ. ಹಾಗಾಗಿ ಶಾಕ್ ಮೇಲೆ ಒಂದು ಇಂಚಿನ ಸ್ಪೇಸರ್ (ಎತ್ತರ ಕೊಡುವ ದಪ್ಪ ಬಿಲ್ಲೆ) ಇಟ್ಟರೆ ಚಕ್ರದ ಹತ್ತಿರ ಒಂದೂವರೆಯಿಂದ ಎರಡು ಇಂಚು ಎತ್ತರ ಸಿಗುತ್ತದೆ. ಎರಡು ಇಂಚಿನ ಕಿಟ್ ಡಬ್ಬದಲ್ಲಿ ಅಷ್ಟು ದಪ್ಪದ ತುಂಡು ಇಲ್ಲವಲ್ಲ, ಮೋಸ ಹೋದೆನಾ ಎಂದು ಕೆಲವರು ಜಗಳಕ್ಕೆ ಹೋಗುತ್ತಾರೆ. ಮೋಸ ಏನಿಲ್ಲ, ಅದು ಸನ್ನೆಗೋಲಿನ ಲೆಕ್ಕ.

ಲಿಫ್ಟ್ ಎಂದರೆ ಒಂದೇ ಬಗೆ ಅಂದುಕೊಳ್ಳಬೇಡಿ. ಕೆಲವು ಕಿಟ್‌ಗಳಲ್ಲಿ ಕಂಪನಿಯ ಶಾಕ್ ಹಾಗೇ ಇರುತ್ತದೆ. ಉದ್ದದ ಅಥವಾ ಗಟ್ಟಿ ಸ್ಪ್ರಿಂಗ್ ಹಾಕುತ್ತಾರೆ, ಇಲ್ಲವೇ ಸ್ಪ್ರಿಂಗನ್ನು ಒತ್ತಿ ಹಿಡಿಯುವ ಸ್ಪೇಸರ್ ಒಳಗೆ ಸೇರಿಸುತ್ತಾರೆ. ಗಾಡಿ ಎತ್ತರವಾಗುತ್ತದೆ. ಆದರೆ ಶಾಕ್‌ನ ಉದ್ದ ಅಷ್ಟೇ ಇದೆಯಲ್ಲ? ನಿಂತಲ್ಲೇ ಅದು ಸಾಕಷ್ಟು ಚಾಚಿಕೊಂಡುಬಿಟ್ಟಿರುತ್ತದೆ. ಹಂಪ್ ಇಳಿಯುವಾಗ ಚಕ್ರ ಕೆಳಗೆ ಬೀಳಬೇಕು, ಬೀಳಲು ಜಾಗ ಇಲ್ಲ. ಬಾವಿಗೆ ಕೊಡ ಬಿಡುವಾಗ ನೀರು ಮುಟ್ಟುವ ಮೊದಲೇ ಹಗ್ಗ ಮುಗಿದರೆ ಕೈಗೆ ಜಗ್ಗು ಬೀಳುತ್ತದಲ್ಲ, ಹಾಗೆ. ಆ ಜಗ್ಗೇ ನಿಮ್ಮ ‘ಟಕ್’. ಇದನ್ನು ಟಾಪ್ ಔಟ್ ಅನ್ನುತ್ತಾರೆ. ನಿಮ್ಮ ಕೇಸಿನಲ್ಲಿ ನನ್ನ ಮೊದಲ ಅನುಮಾನ ಇದೇ.

ಇನ್ನೊಂದು ಬಗೆಯಲ್ಲಿ ಶಾಕ್‌ನ ತಲೆಯ ಮೇಲೆ, ಅದು ಚಾಸಿಸ್‌ಗೆ ಸೇರುವ ಕಡೆ ಸ್ಪೇಸರ್ ಕೂರಿಸುತ್ತಾರೆ. ಅಗ್ಗ, ಕೆಲಸ ಬೇಗ. ಇಲ್ಲಿ ಇಡೀ ಶಾಕ್ ಕೆಳಗೆ ಸರಿದಂತೆ. ಚಕ್ರ ಬೀಳಲು ಜಾಗ ಕಡಿಮೆಯಾಗುವುದಿಲ್ಲ. ಆದರೆ ಪೂರ್ತಿ ಬಿದ್ದಾಗ ಅದು ಕಂಪನಿಯವರು ಲೆಕ್ಕ ಹಾಕಿದ್ದಕ್ಕಿಂತ ಕೆಳಗೆ ಹೋಗುತ್ತದೆ. ಆಗ ಮೇಲಿನ ಆರ್ಮ್ ಜಾಸ್ತಿ ಬಾಗಿ ಸ್ಪ್ರಿಂಗ್‌ಗೆ ತಾಗಬಹುದು, ಅಥವಾ ಮೇಲಿನ ಬಾಲ್ ಜಾಯಿಂಟ್ (ಆರ್ಮ್ ತುದಿಯನ್ನು ಚಕ್ರದ ಕಡೆಗೆ ಸೇರಿಸುವ ಗುಂಡು ಕೀಲು) ತನ್ನ ಕೊನೆ ಮುಟ್ಟಿ ಬಡಿಯಬಹುದು. ಇದರ ಶಬ್ದ ಸ್ವಲ್ಪ ಕಬ್ಬಿಣಕ್ಕೆ ಕಬ್ಬಿಣ ಬಡಿದ ಹಾಗಿರುತ್ತದೆ. ಟಾರ್ಚ್ ಹಿಡಿದು ಮೇಲಿನ ಆರ್ಮ್‌ನ ಒಳ ಅಂಚು, ಸ್ಪ್ರಿಂಗ್‌ನ ಸುರುಳಿ ನೋಡಿ. ಬಣ್ಣ ಎದ್ದು ಮಿಂಚುವ ಗುರುತು ಇದ್ದರೆ ಕಳ್ಳ ಸಿಕ್ಕಿದ.

ಬಿಲ್ಲಿನಲ್ಲಿ ಯಾವ ಬಗೆ ಎಂದು ಬರೆದಿರುವುದಿಲ್ಲ. ನೀವೇ ಅಳೆಯಬಹುದು. ಸಮತಟ್ಟಾದ ಜಾಗದಲ್ಲಿ ಗಾಡಿ ನಿಲ್ಲಿಸಿ. ಚಕ್ರದ ಮಧ್ಯದಿಂದ ನೇರ ಮೇಲೆ ಫೆಂಡರ್ ಅಂಚಿನವರೆಗೆ ಟೇಪ್ ಹಿಡಿದು ಬರೆದುಕೊಳ್ಳಿ. ಆಮೇಲೆ ಹಿಂದಿನ ಚಕ್ರಗಳಿಗೆ ಅಡ್ಡ ಕೊಟ್ಟು, ಚಾಸಿಸ್‌ಗೆ ಜ್ಯಾಕ್ ಕೊಟ್ಟು, ಗಟ್ಟಿ ಸ್ಟ್ಯಾಂಡ್ ಇಟ್ಟು ಮುಂದಿನ ಎರಡೂ ಚಕ್ರ ನೇತಾಡುವಂತೆ ಎತ್ತಿ. ಒಂದೇ ಕಡೆ ಎತ್ತಿದರೆ ಎಡ ಬಲ ಚಕ್ರಗಳನ್ನು ಜೋಡಿಸಿ ಗಾಡಿ ವಾಲುವುದನ್ನು ತಡೆಯುವ ಸ್ಟೆಬಿಲೈಸರ್ ಬಾರ್ ಹಿಡಿದುಕೊಂಡು ಅಳತೆ ಕೆಡಿಸುತ್ತದೆ. ಮತ್ತೆ ಅಳೆಯಿರಿ. ಎರಡು ಅಳತೆಗಳ ವ್ಯತ್ಯಾಸವೇ ಚಕ್ರ ಬೀಳಲು ಉಳಿದಿರುವ ಜಾಗ. ಲಿಫ್ಟ್ ಮಾಡದ ಥಾರ್ ಇರುವ ಗೆಳೆಯರಿದ್ದರೆ ಅದನ್ನೂ ಅಳೆದು ಹೋಲಿಸಿ. ನಿಮ್ಮದರಲ್ಲಿ ಎರಡು ಮೂರು ಸೆಂಟಿಮೀಟರ್ ಮಾತ್ರ ಉಳಿದಿದ್ದರೆ ಬೇರೆ ಎಲ್ಲೂ ಹುಡುಕುವುದು ಬೇಡ.

ಟೇಪ್ ಹಿಡಿಯಲು ಸೋಮಾರಿತನವಾದರೆ ಹಂಪ್ ಮೇಲೇ ಒಂದು ಪರೀಕ್ಷೆ ಮಾಡಿ. ನಡೆದಾಡುವ ವೇಗದಲ್ಲಿ, ಬ್ರೇಕ್ ಮೇಲೆ ಕಾಲಿಟ್ಟುಕೊಂಡು ಚಕ್ರವನ್ನು ಮೆಲ್ಲಗೆ ಇಳಿಸಿ. ಶಬ್ದ ಇಲ್ಲ. ಅದೇ ಹಂಪ್ ಸ್ವಲ್ಪ ಚುರುಕಾಗಿ ದಾಟಿ. ಟಕ್. ಹೀಗಾದರೆ ಟಾಪ್ ಔಟ್ ಎನ್ನುವ ಅನುಮಾನ ಗಟ್ಟಿಯಾಗುತ್ತದೆ. ನಿಧಾನಕ್ಕೆ ಹೋದರೂ ಶಬ್ದ ಬಂದರೆ ಎಲ್ಲೋ ಏನೋ ಸಡಿಲ ಇದೆ.

ಟಾಪ್ ಔಟ್ ಆಗಿದ್ದರೆ ಪರಿಹಾರ ಎರಡೇ. ಆ ಎತ್ತರಕ್ಕೆಂದೇ ಮಾಡಿದ ಉದ್ದದ ಶಾಕ್, ಇಲ್ಲವೇ ಎತ್ತರ ಇಳಿಸಿಕೊಳ್ಳುವುದು. ಅದೇ ಅಳತೆಯ ಹೊಸ ಶಾಕ್ ಜೋಡಿ ಹಾಕಿಸಿದರೆ ಹೊಸ ಶಾಕ್‌ನಲ್ಲಿ ಹಳೇ ಶಬ್ದ ಬರುತ್ತದೆ, ಅಷ್ಟೇ. ತಲೆಯ ಮೇಲಿನ ಸ್ಪೇಸರ್ ಆಗಿದ್ದರೆ ಕೋನ ಸರಿಪಡಿಸಿದ ಮೇಲಿನ ಆರ್ಮ್ ಬೇಕಾಗುತ್ತದೆ. ನನ್ನನ್ನು ಕೇಳಿದರೆ, ತೋಟಕ್ಕೂ ಊರಿಗೂ ಓಡಾಡುವ ಗಾಡಿಗೆ ಒಂದು ಇಂಚು ಸಾಕು. ಕಂಪನಿಯಿಂದಲೇ 226 ಮಿಲಿಮೀಟರ್ ಗ್ರೌಂಡ್ ಕ್ಲಿಯರೆನ್ಸ್ ಇದೆ. ಎರಡನೇ ಇಂಚು ಜಾಸ್ತಿ ಉಪಯೋಗಕ್ಕೆ ಬರುವುದು ಫೋಟೋಕ್ಕೆ.

ಈಗ ತೋಟದ ರಸ್ತೆ ವಿಷಯ. ಸಕಲೇಶಪುರ, ಮೂಡಿಗೆರೆ ಕಡೆಯ ಆ ಕಲ್ಲು ದಾರಿಗಳಲ್ಲಿ ಎಡ ಚಕ್ರ ಕಲ್ಲಿನ ಮೇಲೆ, ಬಲ ಚಕ್ರ ಗುಂಡಿಯಲ್ಲಿ. ಆಗ ಕೆಲಸ ಬೀಳುವುದು ಸ್ಟೆಬಿಲೈಸರ್ ಬಾರ್‌ಗೆ. ಅದರ ಲಿಂಕ್ ರಾಡ್‌ಗಳು ಸಣ್ಣವು, ತುದಿಯಲ್ಲಿ ಪುಟ್ಟ ಬಾಲ್ ಜಾಯಿಂಟ್. ಲಿಫ್ಟ್ ಆದ ಮೇಲೆ ಅವು ಓರೆಯಾಗಿ ಎಳೆದುಕೊಂಡಿರುತ್ತವೆ, ಬೇಗ ಸವೆಯುತ್ತವೆ. ಸವೆದರೆ ಸಣ್ಣ ಏರಿಳಿತಕ್ಕೂ ಕಟಕಟ ಅನ್ನುತ್ತವೆ. ಈ ಶಬ್ದವನ್ನು ಗುರುತಿಸುವುದು ಸುಲಭ. ಹಂಪನ್ನು ನೇರವಾಗಿ, ಎರಡೂ ಚಕ್ರ ಒಟ್ಟಿಗೆ ಏರುವಂತೆ ದಾಟಿ. ಆಮೇಲೆ ಓರೆಯಾಗಿ, ಒಂದೊಂದೇ ಚಕ್ರ ಏರುವಂತೆ ದಾಟಿ. ನೇರ ಹೋದಾಗ ಸುಮ್ನಿದ್ದು ಓರೆ ಹೋದಾಗ ಕಟಕಟ ಅಂದರೆ ಲಿಂಕ್ ರಾಡ್ ಅಥವಾ ಬಾರ್ ಹಿಡಿದಿರುವ ರಬ್ಬರ್ ಬುಷ್. ಖಚಿತ ಆಗಬೇಕಾದರೆ ಎರಡೂ ಲಿಂಕ್ ಬಿಚ್ಚಿ, ಬಾರ್ ಎಲ್ಲಿಗೂ ತಾಗದಂತೆ ಕಟ್ಟಿ, ಖಾಲಿ ರಸ್ತೆಯಲ್ಲಿ ನಿಧಾನಕ್ಕೆ ನೂರು ಮೀಟರ್ ಓಡಿಸಿ ನೋಡಿ. ಹಾಗೇ ಹೈವೇಗೆ ಹೋಗಬೇಡಿ. ಮಗ್ಗುಲಿಗೆ ವಾಲುವುದು ಜಾಸ್ತಿಯಾಗಿರುತ್ತದೆ.

ಬುಷ್ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಲಿಫ್ಟ್ ಹಾಕುವವರು ಅತಿ ಹೆಚ್ಚು ಮರೆಯುವ ಕೆಲಸ ಇದು. ಆರ್ಮ್ ಚಾಸಿಸ್‌ಗೆ ಸೇರುವ ಕಡೆ ರಬ್ಬರ್ ಬುಷ್ ಇರುತ್ತದೆ. ಬೋಲ್ಟ್ ಬಿಗಿ ಮಾಡಿದಾಗ ಬುಷ್‌ನ ಒಳಗಿನ ಕಬ್ಬಿಣದ ಕೊಳವೆ ಅಲ್ಲೇ ಕಚ್ಚಿಕೊಳ್ಳುತ್ತದೆ. ಆಮೇಲೆ ಆರ್ಮ್ ಆಡುವಾಗ ರಬ್ಬರ್ ತಿರುಚಿಕೊಂಡು ಮತ್ತೆ ವಾಪಸ್ ಬರುತ್ತದೆ. ಹಾಗಾಗಿ ಬೋಲ್ಟನ್ನು ಕೊನೆಯ ಬಿಗಿ ಮಾಡಬೇಕಾದದ್ದು ಗಾಡಿ ತನ್ನ ಭಾರದಲ್ಲಿ ನೆಲದ ಮೇಲೆ ನಿಂತಾಗ. ಗ್ಯಾರೇಜಿನಲ್ಲಿ ಗಾಡಿ ಎತ್ತಿ ಚಕ್ರ ನೇತಾಡುತ್ತಿರುವಾಗಲೇ ಬಿಗಿ ಮಾಡಿದರೆ, ಗಾಡಿ ಇಳಿಸಿದ ಕ್ಷಣದಿಂದ ರಬ್ಬರ್ ತಿರುಚಿಕೊಂಡೇ ಇರುತ್ತದೆ. ಹಳೇ ಬೋಲ್ಟ್ ಮುಟ್ಟದೇ ಬರೀ ಸ್ಪೇಸರ್ ಸೇರಿಸಿದರೂ ಅದೇ ಗತಿ. ಮೊದಲು ‘ಕಿರ್ರ್’ ಅನ್ನುತ್ತದೆ. ಕೆಲವು ತಿಂಗಳಲ್ಲಿ ರಬ್ಬರ್ ಹರಿಯುತ್ತದೆ. ಆಮೇಲೆ ಬ್ರೇಕ್ ಹಿಡಿದಾಗ, ರಿವರ್ಸ್ ತೆಗೆದಾಗ ‘ಧಡ್’. ಸಂಶಯ ಇದ್ದರೆ ಗಾಡಿಯನ್ನು ನೆಲದ ಮೇಲೆ ನಿಲ್ಲಿಸಿ, ಆ ಬೋಲ್ಟ್‌ಗಳನ್ನು ಸಡಿಲಿಸಿ, ಬಂಪರ್ ಹಿಡಿದು ಎರಡು ಸಲ ಕುಲುಕಿ, ಕಂಪನಿ ಹೇಳಿದ ಟಾರ್ಕ್‌ಗೆ ಬಿಗಿ ಮಾಡಿಸಿ. ಆರ್ಮ್ ಬೋಲ್ಟ್ ಮುಟ್ಟಿದ ಮೇಲೆ ಅಲೈನ್‌ಮೆಂಟ್ ಮಾಡಿಸಲೇಬೇಕು. ಬಿಗಿ ಮಾಡಿದ ಪ್ರತಿ ನಟ್ ಮೇಲೆ ಬಣ್ಣದ ಪೆನ್ನಿನಿಂದ ಒಂದು ಗೆರೆ ಎಳೆಯಿರಿ, ನಟ್ ಮತ್ತು ಲೋಹ ಎರಡರ ಮೇಲೂ ಹಾದು ಹೋಗುವಂತೆ. ಗೆರೆ ಮುರಿದಿದ್ದರೆ ನಟ್ ಸಡಿಲಾಗಿದೆ.

ಸ್ಟೇರಿಂಗ್ ಕಡೆಯದಾದರೆ ಓಡಿಸುವುದೇ ಬೇಡ. ಇಂಜಿನ್ ಆನ್ ಮಾಡಿ ನಿಂತಲ್ಲೇ ಒಬ್ಬರು ಸ್ಟೇರಿಂಗನ್ನು ಎಡಕ್ಕೆ ಬಲಕ್ಕೆ ಸಣ್ಣಗೆ ಆಡಿಸಲಿ. ನೀವು ಹೊರಗಿನಿಂದ ಟೈ ರಾಡ್ (ಚಕ್ರವನ್ನು ತಿರುಗಿಸುವ ಸ್ಟೇರಿಂಗ್ ಸಲಾಕೆ) ತುದಿ ಮೇಲೆ ಬೆರಳಿಡಿ. ‘ಪ್ಲೇ’, ಅಂದರೆ ಸಡಿಲ, ಬಂದಿರುವ ಜಾಯಿಂಟ್ ಕಿವಿಗೆ ಕೇಳುವ ಮೊದಲೇ ಬೆರಳಿಗೆ ಗೊತ್ತಾಗುತ್ತದೆ.

ಬ್ರೇಕ್ ಪ್ಯಾಡ್ ಒತ್ತುವ ಕ್ಯಾಲಿಪರ್ ಕೂಡ ಸಸ್ಪೆನ್ಷನ್ ವೇಷ ಹಾಕುತ್ತದೆ. ಒರಟು ರಸ್ತೆಯಲ್ಲಿ ಕಾಲನ್ನು ಬ್ರೇಕ್ ಮೇಲೆ ಹಗುರವಾಗಿ ಇಡಿ. ಕಟಕಟ ನಿಂತುಹೋದರೆ ಪ್ಯಾಡ್ ಅಥವಾ ಕ್ಯಾಲಿಪರ್ ಪಿನ್ ಸಡಿಲ. ಹೂಂ ಎನ್ನುವ ಗುಂಯ್‌ಗುಡುವಿಕೆ ಬೇರೆ ಕಥೆ. ರಸ್ತೆಯ ಮೈ ಬದಲಾದಾಗ ಬದಲಾದರೆ ಅದು ನಿಮ್ಮ ಮಡ್ ಟೈರ್. ತಿರುವಿನಲ್ಲಿ ಭಾರ ಒಂದು ಕಡೆ ಬಿದ್ದಾಗ ಏರಿಳಿದರೆ ವೀಲ್ ಬೇರಿಂಗ್.

ಫೋರ್ ವೀಲ್ ಡ್ರೈವ್‌ನಲ್ಲಿ, ಮಣ್ಣಿನ ಮೇಲೆ ಪೂರ್ತಿ ತಿರುಗಿಸಿದಾಗ ಮಾತ್ರ ‘ಟಿಕ್ ಟಿಕ್ ಟಿಕ್’ ಬಂದರೆ ಸಿವಿ ಜಾಯಿಂಟ್ (ಚಕ್ರ ತಿರುಗಿದಾಗಲೂ ಅದಕ್ಕೆ ಇಂಜಿನ್ ಶಕ್ತಿ ಮುಟ್ಟಿಸುವ ಕೀಲು). ಲಿಫ್ಟ್‌ನಿಂದ ಅದರ ಕೋನ ಕಡಿದಾಗಿರುತ್ತದೆ. ಅದರ ರಬ್ಬರ್ ಬೂಟ್ ಹರಿದು ಗ್ರೀಸ್ ಚಿಮ್ಮಿದೆಯಾ ನೋಡಿ. ಆದರೆ ಈ ಪರೀಕ್ಷೆಯನ್ನು ಡಾಂಬರು ರಸ್ತೆಯಲ್ಲಿ ಮಾಡಬೇಡಿ. ಥಾರ್‌ನಲ್ಲಿ ಮುಂದಿನ ಹಿಂದಿನ ಆಕ್ಸಲ್ ನಡುವೆ ವೇಗದ ವ್ಯತ್ಯಾಸಕ್ಕೆ ಅವಕಾಶ ಕೊಡುವ ಡಿಫರೆನ್ಷಿಯಲ್ ಇಲ್ಲ. ಹಿಡಿತ ಇರುವ ರಸ್ತೆಯಲ್ಲಿ 4ಎಚ್ (ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗುವ ಗೇರ್) ಹಾಕಿ ತಿರುಗಿಸಿದರೆ ಹೊಚ್ಚ ಹೊಸ ಗಾಡಿಯೂ ಬಿಗಿದುಕೊಂಡು ಜಗ್ಗುತ್ತದೆ. ಅದನ್ನು ಸಸ್ಪೆನ್ಷನ್ ಶಬ್ದ ಅಂದುಕೊಂಡು ದುಡ್ಡು ಸುರಿದವರಿದ್ದಾರೆ.

ಬೇರೆ ಗಾಡಿಯವರಿಗೆ ಒಂದೆರಡು ಮಾತು. ಹಳೆಯ ಥಾರ್ ಸಿಆರ್‌ಡಿಇಯಲ್ಲಿ ಮುಂದೆ ಕಾಯಿಲ್ ಇಲ್ಲ, ತಿರುಚಿಕೊಂಡು ಸ್ಪ್ರಿಂಗ್ ಕೆಲಸ ಮಾಡುವ ಟಾರ್ಶನ್ ಬಾರ್ ಇದೆ. ಬೋಲ್ಟ್ ತಿರುಗಿಸಿ ಪುಕ್ಕಟೆ ಎತ್ತರ ಪಡೆಯುವ ಚಾಳಿ ಅದರಲ್ಲಿ ಜಾಸ್ತಿ, ಹಗ್ಗ ಮುಗಿಯುವ ತೊಂದರೆ ಅಲ್ಲೂ ಇದೆ. ಜಿಮ್ನಿಯಲ್ಲಿ ಮುಂದೆ ಇಡೀ ಆಕ್ಸಲ್ ಒಂದೇ. ಅಲ್ಲಿ ಮೊದಲು ನೋಡಬೇಕಾದ್ದು ಆಕ್ಸಲ್ ಪಕ್ಕಕ್ಕೆ ಸರಿಯದಂತೆ ಹಿಡಿಯುವ ಪ್ಯಾನಾರ್ಡ್ ರಾಡ್‌ನ ಬುಷ್ ಮತ್ತು ಬೋಲ್ಟ್. ಲಿಫ್ಟ್ ಮಾಡಿದರೆ ಆ ರಾಡ್ ಆಕ್ಸಲನ್ನು ಒಂದು ಪಕ್ಕಕ್ಕೆ ಎಳೆಯುತ್ತದೆ. ಜಿಪ್ಸಿಯಾದರೆ ಪಟ್ಟಿ ಸ್ಪ್ರಿಂಗ್, ಶ್ಯಾಕಲ್ ಬುಷ್, ಯು ಬೋಲ್ಟ್.

ಒಂದು ಸ್ವಂತ ಅವಮಾನ ಹೇಳಿಬಿಡುತ್ತೇನೆ. ನನ್ನ ಗಾಡಿಯಲ್ಲಿ ಇಂಥದ್ದೇ ‘ಟಣ್’ ಶುರುವಾಗಿತ್ತು. ಲಿಂಕ್ ರಾಡ್ ಬದಲಿಸಿದೆ. ಬುಷ್ ಬಿಗಿ ಮಾಡಿಸಿದೆ. ಎರಡು ಭಾನುವಾರ ಗಾಡಿ ಕೆಳಗೇ ಕಳೆದೆ. ಕೊನೆಗೆ ನೋಡಿದರೆ ಇಂಜಿನ್ ಕೆಳಗಿನ ಸ್ಕಿಡ್ ಪ್ಲೇಟ್ ಒಳಗೆ ನಿಂಬೆಹಣ್ಣಿನ ಗಾತ್ರದ ಕಲ್ಲು, ಒಣಗಿದ ಕೆಸರಿನ ಗೂಡಿನಲ್ಲಿ ಆರಾಮಾಗಿ ಕೂತಿತ್ತು. ಅದಕ್ಕೇ ಮೇಲಿನದ್ದೆಲ್ಲ ಮಾಡುವ ಮೊದಲು ಗಾಡಿಯ ಹೊಟ್ಟೆ ತೊಳೆಸಿ. ಸ್ಕಿಡ್ ಪ್ಲೇಟ್, ಬಂಪರ್, ವಿಂಚ್ ಬೋಲ್ಟ್, ಒಳಗಿಟ್ಟ ಜ್ಯಾಕ್ ಎಲ್ಲ ಕೈಯಿಂದ ಅಲ್ಲಾಡಿಸಿ ನೋಡಿ.

ಅಲ್ಲಿಯವರೆಗೆ ಗಾಡಿ ಓಡಿಸಬಹುದಾ? ಟಾಪ್ ಔಟ್ ಅಥವಾ ಲಿಂಕ್ ರಾಡ್ ಆದರೆ ನಿಧಾನಕ್ಕೆ ಓಡಿಸಿ, ತೊಂದರೆ ಇಲ್ಲ. ಆದರೆ ಬಾಲ್ ಜಾಯಿಂಟ್ ಮಾತ್ರ ಈ ವಾರವೇ ನೋಡಿಸಿ. ಜ್ಯಾಕನ್ನು ಕೆಳಗಿನ ಆರ್ಮ್‌ಗೆ, ಚಕ್ರಕ್ಕೆ ಹತ್ತಿರ ಕೊಟ್ಟು ಟೈರನ್ನು ನೆಲದಿಂದ ಎರಡು ಬೆರಳು ಎತ್ತಬೇಕು. ಹಾಗೆ ಮಾಡಿದರೆ ಸ್ಪ್ರಿಂಗ್‌ನ ಭಾರ ಜಾಯಿಂಟ್ ಮೇಲಿಂದ ಇಳಿಯುತ್ತದೆ. ಟೈರ್ ಕೆಳಗೆ ಹಾರೆ ಹಾಕಿ ಮೇಲಕ್ಕೆ ಮೀಟಿದಾಗ ಕೆಳಗಿನ ಜಾಯಿಂಟ್ ಕುಣಿದರೆ ಗಾಡಿಯನ್ನು ಅಲ್ಲೇ ನಿಲ್ಲಿಸಿ. ಅದು ಕಳಚಿದರೆ ಚಕ್ರ ಮಗುಚಿ ಬೀಳುತ್ತದೆ, ಸ್ಟೇರಿಂಗ್ ಕೈಯಲ್ಲಿದ್ದೂ ಪ್ರಯೋಜನ ಇಲ್ಲ. ವರ್ಕ್‌ಶಾಪಿಗೂ ಓಡಿಸಿಕೊಂಡು ಹೋಗಬೇಡಿ, ಮೆಕ್ಯಾನಿಕನ್ನು ಮನೆಗೆ ಕರೆಸಿ.