ಮಕರದ ಬಾಯಿ ಎಲ್ಲಿ ತೆರೆಯಬೇಕು?

ದಾವಣಗೆರೆಯ ಮಂಡಿಪೇಟೆಗೆ ಮದುವೆಯ ಒಡವೆ ಮಾಡಿಸಲು ಬರುವವರು ಈಗ ಮೊಬೈಲಿನಲ್ಲಿ ಚಿತ್ರ ಹಿಡಿದೇ ಬರುತ್ತಾರೆ. ಗಂಡಭೇರುಂಡವನ್ನು ತೋರಿಸಿ ‘ಇದನ್ನೇ ಉಂಗುರದಲ್ಲಿ ಕೂರಿಸಿಕೊಡಿ’ ಎಂದರೆ ನಾನು ಬೇಡವೆಂದೇ ಹೇಳುತ್ತೇನೆ. ಪುರಾಣದ ಪ್ರಾಣಿಗಳಿಗೆ ಒಡವೆಯಲ್ಲಿ ತಮ್ಮದೇ ಜಾಗವಿದೆ. ಆ ಜಾಗವನ್ನು ಗೊತ್ತುಮಾಡುವುದು ಅವುಗಳ ಮೈಕಟ್ಟು.

ಮಕರವನ್ನೇ ನೋಡಿ. ಮೊಸಳೆಯ ದವಡೆ, ಆನೆಯ ಸೊಂಡಿಲಿನಂತೆ ಮೇಲಕ್ಕೆ ಸುರುಳಿಯಾದ ಮೂತಿ, ಹಿಂದೆ ಬಳ್ಳಿಯಂತೆ ಹಬ್ಬಿದ ಬಾಲ. ಹಳೇಬೀಡಿನ ಹೊಯ್ಸಳೇಶ್ವರ ಗುಡಿಯ ಪಟ್ಟಿಕೆಗಳಲ್ಲಿ ಹಂಸಗಳ ಜೊತೆಗೆ ಇವುಗಳದೇ ಒಂದು ಸಾಲಿದೆ. ಕಡಗದಲ್ಲಿ ಎರಡು ಮಕರಗಳು ಮುಖಾಮುಖಿಯಾಗುವ ಜಾಗದಲ್ಲೇ ಕಡಗ ತೆರೆದುಕೊಳ್ಳುತ್ತದೆ. 22 ಕ್ಯಾರೆಟ್ ಚಿನ್ನದಲ್ಲಿ ನೂರಕ್ಕೆ 91.6 ಪಾಲು ಅಪ್ಪಟ ಚಿನ್ನ, ಹಾಗಾಗಿ ಅದು ಮೆದು. ತಗಡು ತೆಳುವಾದರೆ ಕಡಗವನ್ನು ಬಿಗಿಯುವ ತಿರುಪಿನ ಹಲ್ಲು ಬೇಗ ಸವೆಯುತ್ತದೆ. ಮಕರದ ಅಗಲವಾದ ದವಡೆ ತಿರುಪಿಗೆ ಬೇಕಾದ ದಪ್ಪವನ್ನು ಕೊಡುತ್ತದೆ, ತೆರೆದ ಬಾಯಿ ಅದನ್ನು ಕಣ್ಣಿಗೆ ಬೀಳದಂತೆ ನುಂಗಿಕೊಳ್ಳುತ್ತದೆ. ಹಳೆಯ ಕೆಲಸಗಾರರ ಈ ಜಾಣ್ಮೆಗೆ ನಾನು ಇಂದಿಗೂ ತಲೆಬಾಗುತ್ತೇನೆ.

ಗಂಡಭೇರುಂಡದ ಸ್ವಭಾವ ಬೇರೆ. ಬಳ್ಳಿಗಾವಿಯಲ್ಲಿ 1047ರ ಕಂಬದ ಮೇಲಿರುವುದಕ್ಕೆ ಮನುಷ್ಯನ ಮೈ. ನಮ್ಮ ರಾಜ್ಯದ ಲಾಂಛನದಲ್ಲಿರುವುದು ಪೂರ್ತಿ ಹಕ್ಕಿ. ಒಡವೆಗೆ ಒಗ್ಗುವುದು ಹಕ್ಕಿಯೇ, ಏಕೆಂದರೆ ಹರಡಿದ ರೆಕ್ಕೆಗಳಲ್ಲಿ ಕೆಂಪು ಹರಳುಗಳನ್ನು ಸಾಲಾಗಿ ಕೂರಿಸಬಹುದು. ಎರಡು ತಲೆಗಳ ಹಿಂದೆ ಎರಡು ಕೊಂಡಿ ಬೆಸೆದರೆ ಪದಕ ಎದೆಯ ಮೇಲೆ ತಿರುಗದೆ ನೆಟ್ಟಗೆ ನಿಲ್ಲುತ್ತದೆ. ಉಂಗುರದಲ್ಲಾದರೆ ಅದೇ ಕೊಕ್ಕುಗಳು ರೇಷ್ಮೆ ಸೀರೆಯ ಎಳೆ ಕೀಳುತ್ತವೆ. ಕೊಕ್ಕನ್ನು ಮೊಂಡು ಮಾಡಿದರೆ ಹಕ್ಕಿ ಪಾರಿವಾಳವಾಗುತ್ತದೆ.

ಗುಡಿಯ ಕಂಬಗಳಲ್ಲಿ ಕಾಣುವ ಸಿಂಹದ ಮೈಯ ಕಲ್ಪನೆಯ ಪ್ರಾಣಿ ಯಾಳಿಯನ್ನು ಕೇಳುವವರು ಕಡಿಮೆ. ಸೊಂಟದ ಡಾಬಿನಂಥ ಅಗಲದ ಒಡವೆಯಲ್ಲಿ ಅದು ಚೆನ್ನಾಗಿ ಕಾಣುತ್ತದೆ.

ಕೈಗೆಲಸವೋ ಅಚ್ಚಿನದೋ ಎಂಬುದನ್ನು ಪ್ರಾಣಿಯ ಮುಖ ನೋಡಿಯೇ ಅಂದಾಜು ಮಾಡಬಹುದು. ಕೈಗೆಲಸದಲ್ಲಿ ತಗಡನ್ನು ಅರಗಿನ ಮೇಲೆ ಕೂರಿಸಿ ಹಿಂದಿನಿಂದ ಉಬ್ಬಿಸುತ್ತೇವೆ. ಆಮೇಲೆ ಮಗುಚಿ, ಹುಬ್ಬು, ಹಲ್ಲು, ಗರಿಗಳನ್ನು ಸಣ್ಣ ಉಳಿಯಿಂದ ಬಿಡಿಸುತ್ತೇವೆ. ಹಾಗಾಗಿ ಎರಡು ಮಕರಗಳ ಹಲ್ಲು ತದ್ವತ್ ಒಂದೇ ಆಗಿರುವುದಿಲ್ಲ. ಎರಕದಲ್ಲಿ ಒಂದೇ ಅಚ್ಚಿನಿಂದ ಬಂದ ಮುಖಗಳು ಒಂದೇ ತೆರನಾಗಿರುತ್ತವೆ, ಹೊಳಪು ಕೊಡುವಾಗ ಅಂಚುಗಳೂ ಸವೆದಿರುತ್ತವೆ. ಎರಕ ಕೆಟ್ಟದ್ದೇನಲ್ಲ, ಆದರೆ ಅದಕ್ಕೆ ಕೈಗೆಲಸದ ಮಜೂರಿ ಕೇಳಿದರೆ ಕೊಡಬೇಡಿ. ಕೊಳ್ಳುವ ಮುನ್ನ ಹಾಲ್‌ಮಾರ್ಕಿನ ಜೊತೆಗೆ ತಿರುಪನ್ನೂ ನಾಲ್ಕು ಬಾರಿ ತೆಗೆದು ಹಾಕಿ ನೋಡಿ, ಸೆರಗಿನ ಅಂಚನ್ನು ಒಡವೆಯ ಮೇಲೆ ಒಮ್ಮೆ ಎಳೆದು ನೋಡಿ.